ಜೋಡಿಗಳ ಅಡುಗೆ ಪಂದ್ಯ: ನಾಲ್ಕನೇ ಸಲಕ್ಕೆ ಕೈಗೂಡಿದ್ದು ಹೇಗೆ

"ಗಂಡ ಹೆಂಡತೀನ ಒಂದೇ ಒಲೆ ಮುಂದೆ ನಿಲ್ಲಿಸಿ, ಆಮೇಲೆ ಇನ್ನೊಂದು ಜೋಡಿ ಜೊತೆ ಪಂದ್ಯಕ್ಕೆ ಬಿಡ್ತೀಯಾ? ನೀನು ಬಡಿಸೋದು ಊಟ ಅಲ್ಲ, ಜಗಳ." ನಾನು ಈ ಯೋಚನೆ ಹೇಳಿದಾಗ ನನ್ನ ಹತ್ತಿರದ ಗೆಳತಿ ಹೇಳಿದ ಮಾತಿದು. ಮೊದಲ ಮೂರು ಸಲ ಅವಳ ಮಾತೇ ನಿಜವಾಯಿತು. ನಾಲ್ಕನೇ ಸಲ 7 ಜೋಡಿ ಬಂದರು. ರಾತ್ರಿ ಹನ್ನೊಂದಾದರೂ ಯಾರೂ ಎದ್ದು ಹೋಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮನೆಗೆ ಜನರನ್ನು ಕರೆದು ಊಟ ಹಾಕುವುದು ಹೇಗೆ ಅಂತ ನಿಮಗೆ ಗೊತ್ತೇ ಇರುತ್ತದೆ, ಅದನ್ನು ಹೇಳುವುದಿಲ್ಲ. ನಾನು ಎಲ್ಲಿ ಎಡವಿದೆ, ದುಡ್ಡು ಎಲ್ಲಿ ಹೋಯಿತು, ಅದನ್ನು ಹೇಳುತ್ತೇನೆ.

ಮೊದಲ ಸಲ 6 ಜೋಡಿಗಳನ್ನು ಕರೆದು ನಮ್ಮ ಅಡುಗೆಮನೆಯಲ್ಲೇ ಅಡುಗೆ ಮಾಡಿಸಿದೆ. 2000 ವ್ಯಾಟಿನ ಎರಡು ಇಂಡಕ್ಷನ್ ಒಲೆ, ಜೊತೆಗೆ ಓವನ್. ಮೂರೂ ಒಂದೇ ಲೈನಿನಲ್ಲಿ. ಮೂರು ಸಲ ಕರೆಂಟ್ ಟ್ರಿಪ್ ಆಯಿತು. ಓವನ್ ನಡುವೆ ಆರಿದ್ದರಿಂದ ಒಂದು ಜೋಡಿಯ ಕೇಕ್ ಮಧ್ಯದಲ್ಲಿ ಕುಸಿಯಿತು. ಒಲೆಗೋಸ್ಕರ ಮುಕ್ಕಾಲು ಗಂಟೆ ಸರದಿ. ಮಧ್ಯಾಹ್ನದ ಊಟ ಸಂಜೆ ನಾಲ್ಕಕ್ಕೆ ಆಯಿತು. ಸಾಮಾನೆಲ್ಲ ನಾವೇ ತಂದಿದ್ದೆವು. ನಮ್ಮ ತಿಂಗಳ ದಿನಸಿ ಖರ್ಚಿನ ಅರ್ಧದಷ್ಟು ಅವತ್ತೇ ಹೋಯಿತು. ಅದರಲ್ಲಿ ಕಾಲು ಭಾಗ ಕಸಕ್ಕೆ ಸೇರಿತು. ಬಹುಮಾನಕ್ಕೆ ಅಂತ ಒಂದು ಮಿಕ್ಸರ್ ಬೇರೆ ಕೊಂಡಿದ್ದೆ. ಬಹುಮಾನಕ್ಕೆ ಬೆಲೆ ಬಂದ ತಕ್ಷಣ ಆಟ ಹೋಗಿ ಹಟ ಬರುತ್ತದೆ. ಈ ತಪ್ಪನ್ನು ಯಾರೂ ಮಾಡಬೇಡಿ.

ಎರಡನೇ ಸಲ, ಅವರವರ ಮನೆಯಿಂದ ಮಾಡಿಕೊಂಡು ಬನ್ನಿ ಅಂದೆ. ಖರ್ಚು ಅರ್ಧಕ್ಕಿಂತ ಕಡಿಮೆಯಾಯಿತು. ಆದರೆ ಅಂಕ ಕೊಡುವ ವಿಷಯದಲ್ಲಿ ಎಲ್ಲ ಕೆಟ್ಟಿತು. ರುಚಿಗೆ 10, ನೋಟಕ್ಕೆ 10, ಹೊಸತನಕ್ಕೆ 10 ಅಂತ ಇಟ್ಟಿದ್ದೆ. ಒಬ್ಬರು ಯಾರಿಗೂ 5 ದಾಟಿಸಲಿಲ್ಲ. ಇನ್ನೊಬ್ಬರು ಯಾರಿಗೂ 8ಕ್ಕಿಂತ ಇಳಿಸಲಿಲ್ಲ. ಯಾರ ಪಾತ್ರೆ ಯಾವುದು ಅಂತ ಎಲ್ಲರಿಗೂ ಗೊತ್ತು. ಗಂಡ ಹೆಂಡತಿ ಪಕ್ಕಪಕ್ಕ ಕೂತು ಒಬ್ಬರ ಚೀಟಿ ಇನ್ನೊಬ್ಬರು ನೋಡಿ ಬರೆದರು. ಕೇಸರಿ, ಪಿಸ್ತಾ ಸುರಿದು ಮಾಡಿದವರು ಗೆದ್ದರು. ಸಾದಾ ತರಕಾರಿಯಲ್ಲಿ ನಿಜಕ್ಕೂ ಚೆನ್ನಾಗಿ ಮಾಡಿದ್ದ ಜೋಡಿಗೆ ಯಾರೋ 10ಕ್ಕೆ 2 ಕೊಟ್ಟಿದ್ದರು. ಆ ಚೀಟಿ ಅವರ ಕೈಗೇ ಸಿಕ್ಕಿತು. ಆಮೇಲೆ ಎರಡು ತಿಂಗಳು ಅವರ ಫೋನ್ ಬರಲಿಲ್ಲ. ಅದೇ ದಿನ ಗ್ರೇವಿಯಲ್ಲಿ ಅರೆದು ಹಾಕಿದ್ದ ಗೋಡಂಬಿಯಿಂದ ಒಬ್ಬರ ತುಟಿ ಊದಿಕೊಂಡಿತು. ಹೆಚ್ಚೇನೂ ಆಗಲಿಲ್ಲ. ಆದರೆ ಮನೆಗೆ ಕರೆದವಳು ನಾನು, ಮೊದಲೇ ಕೇಳಬೇಕಿತ್ತು.

ಮೂರನೇ ಸಲ, ಚೆನ್ನಾಗಿ ಅಡುಗೆ ಬಲ್ಲ ಒಬ್ಬರನ್ನೇ ತೀರ್ಪಿಗೆ ಕೂರಿಸಿದೆ. ಪಾಪ, ಐದನೇ ತಟ್ಟೆಯ ಹೊತ್ತಿಗೆ ಅವರ ಹೊಟ್ಟೆ ತುಂಬಿತ್ತು. ಮೊದಲು ತಿಂದಿದ್ದೇ ಅವರಿಗೆ ಹಿಡಿಸಿತು. ಮೂರನೆಯದು ಭಯಂಕರ ಖಾರ. ಅದಾದ ಮೇಲೆ ಬಂದ ತಿಳಿ ಸೂಪ್ ಅವರ ನಾಲಿಗೆಗೆ ಬರೀ ಬಿಸಿನೀರು. ನಾನು ನೀರು ಕೊಟ್ಟೆ, ಉಪಯೋಗವಾಗಲಿಲ್ಲ. ಮೆಣಸಿನಕಾಯಿಯ ಖಾರ ನೀರಿನಲ್ಲಿ ಕರಗುವಂಥದ್ದಲ್ಲ, ಹಾಲು ಕೊಡಬೇಕಿತ್ತು.

ಇಷ್ಟಾದ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಯಿತು. ಮನಸ್ತಾಪ ಬರುವುದು ಅಡುಗೆಯಿಂದಲ್ಲ, ಅಂಕ ಕೊಡುವ ರೀತಿಯಿಂದ. ಅದನ್ನು ಸರಿ ಮಾಡಿದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ ಅಂತ ನಮ್ಮನೆಯವರ ಹತ್ತಿರ ಹೇಳಿದೆ. "ಇನ್ನೊಂದು ಸಲಾನಾ?" ಅಂದರು. ಆದರೂ ಒಪ್ಪಿದರು.

ನಾಲ್ಕನೇ ಸಲ ನಾವಿಬ್ಬರೂ ಪಂದ್ಯದಿಂದ ಹೊರಗೆ ನಿಂತೆವು. ನನಗೆ ಇದು ಸುಲಭವಾಗಿರಲಿಲ್ಲ, ನನ್ನ ಕೈರುಚಿ ಮೇಲೆ ನನಗೆ ನಂಬಿಕೆ ಇದೆ. ಎಲ್ಲ ಪಾತ್ರೆಗಳನ್ನೂ ಬಟ್ಟೆ ಮುಚ್ಚಿಯೇ ತರಬೇಕು, ನೇರ ಅಡುಗೆಮನೆಗೆ. ಒಳಗೆ ಬಡಿಸುವವರು ನಮ್ಮನೆಯವರು ಒಬ್ಬರೇ. ಹೊರಗೆ ಮೇಜಿನ ಹತ್ತಿರ ನಾನು. ಯಾವುದು ಯಾರದ್ದು ಅಂತ ನನಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಮುಖ ನೋಡಿಯೇ ಜನ ಕಂಡುಹಿಡಿಯುತ್ತಾರೆ. ಪ್ರತಿ ಅಡುಗೆಗೂ 472, 815 ಈ ಥರ ಮೂರಂಕಿಯ ಸಂಖ್ಯೆ. 1, 2, 3 ಅಂತ ಹಾಕಿದರೆ 1ನೆಯದೇ ಚೆನ್ನಾಗಿದೆ ಅಂತ ಮನಸ್ಸು ವಾಲುತ್ತದೆ. ರುಚಿ ನೋಡಿಸುವ ಪ್ರಯೋಗಾಲಯಗಳಲ್ಲೂ ಹೀಗೇ ಮೂರಂಕಿ ಬಳಸುತ್ತಾರೆ.

14 ಜನ, 7 ಅಡುಗೆ ಅಂದರೆ 98 ಬಟ್ಟಲು. ಕಾಗದದ 100 ಲೋಟ ಕೊಂಡು ತಂದೆ. ಅದು ದಂಡ. ಕೊನೆಗೆ ದೊಡ್ಡ ತಟ್ಟೆಯ ಅಂಚಿಗೆ ಟೇಪ್ ಅಂಟಿಸಿ ಸಂಖ್ಯೆ ಬರೆದೆ. ಸೂಪಿಗೆ ಮಾತ್ರ ಲೋಟ. ಒಂದೊಂದು ಅಡುಗೆಯೂ ಎರಡು ಚಮಚ, ಸುಮಾರು 30 ಗ್ರಾಂ. ಏಳೂ ಸೇರಿದರೆ 200 ಗ್ರಾಂ ಚಿಲ್ಲರೆ. ಹಸಿವೂ ಉಳಿಯುತ್ತದೆ, ನಾಲಿಗೆಯೂ ಸೋಲುವುದಿಲ್ಲ. ಅರ್ಧ ಜನ ಎಡದಿಂದ ಶುರು, ಅರ್ಧ ಜನ ಬಲದಿಂದ. ಖಾರದ್ದು ಎಲ್ಲರಿಗೂ ಕೊನೆಗೆ, ಪಕ್ಕದಲ್ಲಿ ಹಾಲು. ನಡುನಡುವೆ ಸಾದಾ ಬ್ರೆಡ್ ತುಂಡು. ಹೊಟ್ಟೆ ತುಂಬ ಊಟ ಮತ ಹಾಕಿದ ಮೇಲೆ ಮಾತ್ರ.

ಮತ ಹೀಗೆ: ಇಷ್ಟವಾದ ಮೂರನ್ನು ಮಾತ್ರ ಬರೆಯಬೇಕು. ಮೊದಲನೆಯದಕ್ಕೆ 3, ಎರಡನೆಯದಕ್ಕೆ 2, ಮೂರನೆಯದಕ್ಕೆ 1. ಉಳಿದವುಗಳ ಬಗ್ಗೆ ಒಂದು ಅಕ್ಷರವೂ ಇಲ್ಲ. 18ನೇ ಶತಮಾನದಲ್ಲಿ ಫ್ರೆಂಚ್ ಗಣಿತಜ್ಞ ಬೋರ್ಡಾ ಹೇಳಿದ ಮತ ಪದ್ಧತಿಯ ಧಾಟಿ ಇದು, ನಾನು ಚಿಕ್ಕದು ಮಾಡಿಕೊಂಡೆ. ಬಿಗಿ ಕೈಯವರು, ಧಾರಾಳದವರು ಇಬ್ಬರ ಚೀಟಿಗೂ ಒಂದೇ ತೂಕ. ತಮ್ಮ ಅಡುಗೆಯನ್ನು ಯಾರಾದರೂ ಗುರುತಿಸಿಯೇ ಗುರುತಿಸುತ್ತಾರೆ, ಅದಕ್ಕೇ ಅದನ್ನು ಬಿಟ್ಟು ಬರೆಯಬೇಕು. ಗಂಡ ಒಂದು ಮೇಜು, ಹೆಂಡತಿ ಇನ್ನೊಂದು ಮೇಜು. ಈ ನಿಯಮಕ್ಕೆ ಮೊದಲು ಮುಖ ಗಂಟಾಯಿತು, ಹತ್ತು ನಿಮಿಷದಲ್ಲಿ ಸರಿಹೋಯಿತು. 14 ಚೀಟಿ, ಚೀಟಿಗೆ 6, ಒಟ್ಟು 84 ಬರಲೇಬೇಕು. ಬರದಿದ್ದರೆ ಯಾರೋ ತಪ್ಪು ಬರೆದಿದ್ದಾರೆ. ಗೆದ್ದವರಿಗೆ 23ರ ಆಸುಪಾಸು ಬಂದ ನೆನಪು. ಮೊದಲ ಎರಡು ಹೆಸರು ಮಾತ್ರ ಓದಿದೆ. ಉಳಿದ ಪಟ್ಟಿ ಅವತ್ತೇ ಒಲೆಗೆ ಹೋಯಿತು.

ದುಡ್ಡಿನ ಬಗ್ಗೆ. ಎಲ್ಲರಿಗೂ ಒಂದೇ ಮುಖ್ಯ ಸಾಮಾನು ಕೊಟ್ಟೆ, ಅವತ್ತು ಆಲೂಗಡ್ಡೆ. ಉಪ್ಪು, ಎಣ್ಣೆ ಬಿಟ್ಟು 8ಕ್ಕಿಂತ ಜಾಸ್ತಿ ಪದಾರ್ಥ ಹಾಕುವಂತಿಲ್ಲ. ಬಿಲ್ ತೋರಿಸಿ ಅಂತ ಸ್ನೇಹಿತರನ್ನು ಕೇಳೋಕಾಗಲ್ಲ, ಅಲ್ವಾ? ಎಂಟು ಅಂದಾಗ ಯಾರೂ ದುಬಾರಿ ಸಾಮಾನು ಸುರಿಯಲಿಲ್ಲ. ಹಾಲು, ಬ್ರೆಡ್, ಟೇಪಿಗೆ ಎಲ್ಲ ಜೋಡಿಗಳೂ ಸಮನಾಗಿ ಹಾಕಿದರು. ನಮ್ಮ ಕೈಯಿಂದ ಹೋಗಿದ್ದು ಮೊದಲ ಸಲದ ಹತ್ತನೇ ಒಂದು ಭಾಗ ಇರಬಹುದು. ಬಹುಮಾನ ಒಂದು ಮರದ ಸೌಟು. ಗೆದ್ದವರ ಮನೆಯಲ್ಲಿರುತ್ತದೆ, ಮುಂದಿನ ಸಲ ವಾಪಸ್ ತರಬೇಕು.

ಎಲ್ಲರಿಗಿಂತ ಜಾಸ್ತಿ ಅನುಮಾನ ಪಟ್ಟದ್ದು ಇನ್ನೊಂದು ನಿಯಮದ ಬಗ್ಗೆ. ಜೋಡಿಯಲ್ಲಿ ದಿನಾ ಅಡುಗೆ ಮಾಡದವರೇ ಸೌಟು ಹಿಡಿಯಬೇಕು. ಬಲ್ಲವರು ಬಾಯಲ್ಲಿ ಹೇಳಬಹುದು, ಕೈ ಹಾಕುವಂತಿಲ್ಲ. ಮನೆಯೊಳಗೆ ನಾನು ಹೋಗಿ ನೋಡುತ್ತೇನಾ? ಇಲ್ಲ. ಮತ ಮುಗಿದ ಮೇಲೆ ಅವರೇ ನಿಂತು ಮೂರು ನಿಮಿಷ ಹೇಗೆ ಮಾಡಿದೆ ಅಂತ ಹೇಳಬೇಕು. ಮಾಡಿದವರ ಮಾತೇ ಬೇರೆ ಇರುತ್ತದೆ. ಒಬ್ಬರು ಆಲೂಗಡ್ಡೆ ಬೇಯಿಸಿದ ಮೇಲೆ ನೀರು ಆರಲು ಬಿಡದೆ ಹಿಸುಕಿ ಅಂಟಾಗಿ ಹೋದ ಕಥೆ ಹೇಳಿದರು. ಆಮೇಲೆ ಹೊಸದಾಗಿ ಮತ್ತೆ ಮಾಡಿದ್ದನ್ನೂ ಹೇಳಿದರು. ಅವರ ಹೆಂಡತಿ ಆಚೆ ಮೇಜಿನಿಂದ ಚಪ್ಪಾಳೆ ತಟ್ಟಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಸುರಕ್ಷತೆಯಲ್ಲಿ ರಾಜಿ ಇಲ್ಲ. ಪ್ರತಿ ಪಾತ್ರೆಯ ಜೊತೆ ಪದಾರ್ಥಗಳ ಚೀಟಿ. ಯಾರಿಗೆ ಏನು ಆಗದು ಅಂತ ಒಂದು ವಾರ ಮೊದಲೇ ಕೇಳಿಕೊಂಡೆ. ಯಾವ ಸಂಖ್ಯೆಯಲ್ಲಿ ಹಾಲು, ಮೊಟ್ಟೆ, ಬೀಜಗಳಿವೆ ಅಂತ ಗೋಡೆಗೆ ಅಂಟಿಸಿದೆ. ಬೇಯಿಸಿದ್ದನ್ನು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬಾರದು. ಬಿಸಿಯಾಗಿ ಇಡುವುದಾದರೆ 60 ಡಿಗ್ರಿ ಮೇಲೆ, ತಣ್ಣಗಾದರೆ 5 ಡಿಗ್ರಿ ಕೆಳಗೆ. ಅಗಲ ಪಾತ್ರೆಯಲ್ಲಿ ನೀರು ಕಾಯಿಸಿ ಅದರೊಳಗೆ ಪಾತ್ರೆಗಳನ್ನು ಇಟ್ಟೆ, ಅಡುಗೆ ಥರ್ಮಾಮೀಟರಿನಿಂದ ಆಗಾಗ ನೋಡಿದೆ.

ಊಟದ ನಡುವೆ ಸುಮ್ನೆ ಎರಡು ಪ್ರಯೋಗ ಮಾಡಿದೆ. ಟೊಮೆಟೊ ಸೂಪಿನ ಮೂರು ಲೋಟ, ಎರಡು ಒಂದೇ, ಒಂದಕ್ಕೆ ಚಿಟಿಕೆ ಸಕ್ಕರೆ ಜಾಸ್ತಿ. ಬೇರೆ ಯಾವುದು ಹೇಳಿ ಅಂದೆ. 14ರಲ್ಲಿ 8 ಜನ ಸರಿ ಹೇಳಿದರು. ರುಚಿ ನೋಡದೆ ಸುಮ್ನೆ ಊಹಿಸಿದರೂ ನಾಲ್ಕೈದು ಜನ ಸರಿ ಹೇಳಬಹುದು, ಹಾಗಾಗಿ ಇದು ದೊಡ್ಡ ಸಂಖ್ಯೆಯೇನಲ್ಲ. ಇನ್ನೊಂದು, ನಿಂಬೆ ಪಾನಕಕ್ಕೆ ಕೆಂಪು ಬಣ್ಣ. ನಾಲ್ಕು ಜನ ಸ್ಟ್ರಾಬೆರಿ ಅಂದರು, ಅದರಲ್ಲೂ ಒಬ್ಬರು ತುಂಬ ಚೆನ್ನಾಗಿ ಅಡುಗೆ ಮಾಡುವವರು. ಫ್ರಾನ್ಸಿನ ಬೋರ್ಡೋದಲ್ಲಿ 54 ವೈನ್ ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ಕೆಂಪು ಬಣ್ಣ ಹಾಕಿ ಕೊಟ್ಟಾಗ ಅವರೂ ಕೆಂಪು ವೈನಿನ ಮಾತುಗಳಲ್ಲೇ ಅದನ್ನು ಬಣ್ಣಿಸಿದ್ದರು. 2001ರಲ್ಲಿ ಅದು ಪ್ರಕಟವಾಯಿತು. ನಮ್ಮ ಪಾನಕದ ಪ್ರಯೋಗ ಆದ ಮೇಲೆ ನಾನು ನೋಟಕ್ಕೆ ಅಂಕ ಕೊಡುವ ಯೋಚನೆಯನ್ನೇ ಬಿಟ್ಟೆ.

ಯಾರನ್ನು ಯಾವ ಮೇಜಿಗೆ ಕೂರಿಸಬೇಕು ಅನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ. ಫೋನಿನಲ್ಲಿ ಒಂದು ಪ್ರಶ್ನೆ ಕೇಳಿ ತಿಳಿದುಕೊಳ್ಳುತ್ತೇನೆ. ಆ ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ. ಬರುವವರೂ ಇದನ್ನು ಓದುತ್ತಾರೆ.

ಇನ್ನೂ ಬಗೆಹರಿಯದ್ದು ಕರಿದ ತಿಂಡಿ. ಮನೆಯಿಂದ ತರುವಷ್ಟರಲ್ಲಿ ಮೆತ್ತಗಾಗುತ್ತದೆ, ಬಟ್ಟೆ ಮುಚ್ಚಿದರಂತೂ ಹಬೆಗೆ ಪೂರ್ತಿ ಹೋಯಿತು. ಅವತ್ತು ಎರಡು ಜೋಡಿಗೆ ಇದರಿಂದ ನಷ್ಟವಾಯಿತು, ನನಗೆ ಬೇಜಾರಿದೆ. ಮುಂದಿನ ಸಲ ಅರ್ಧ ಕರಿದು ತಂದು, ಇಲ್ಲಿ ನಮ್ಮನೆಯವರ ಕೈಯಲ್ಲಿ ಇನ್ನೊಂದು ಸಲ ಕರಿಸಿ ನೋಡುತ್ತೇನೆ. ಈ ಸಲ ಓವನ್ ಬೇರೆ ಲೈನಿನಲ್ಲಿ ಇರುತ್ತದೆ.