ಭಟ್ಟಿಯ ಬಾಯಲ್ಲಿ ಒಂದು ದೀಪ

ದಾವಣಗೆರೆಯ ನಮ್ಮ ಬಡಾವಣೆಯಲ್ಲಿ ಒಂದು ಹಳೆಯ ಗೋದಾಮು ಇದೆ. ಅದರ ಗೋಡೆ 40 ಅಡಿ ಉದ್ದ, 9 ಅಡಿ ಎತ್ತರ. ಪಕ್ಕದ ಫುಟ್‌ಪಾತ್ ಮೇಲೆ ಯಾರೂ ನಡೆಯುತ್ತಿರಲಿಲ್ಲ. ಯಾಕೆ ಅಂತ ಮೂಗೇ ಹೇಳುತ್ತಿತ್ತು. "ದೇವರ ಟೈಲ್ಸ್ ಅಂಟಿಸಿಬಿಡಿ ಮೇಷ್ಟ್ರೇ, ಯಾರೂ ನಿಲ್ಲಲ್ಲ" ಎಂದರು ಕೆಲವರು. ದೇವರನ್ನು ಇಂಥ ಕಾವಲಿಗೆ ಹಾಕಲು ನನಗೆ ಮನಸ್ಸಾಗಲಿಲ್ಲ. ನಾನು ಡ್ರಾಯಿಂಗ್ ಮೇಷ್ಟ್ರು, ಚಿತ್ರ ಬರೆಯೋಣ ಅಂದೆ.

ಗೋದಾಮಿನವರ ಒಪ್ಪಿಗೆ, ಪಾಲಿಕೆಯ ಅನುಮತಿ ಸಿಕ್ಕ ಮೇಲೆ ಹಳೇ ವಿದ್ಯಾರ್ಥಿಗಳು ಏಳು ಮಂದಿ ಸೇರಿದರು. ಒಬ್ಬ ಹಸೆ ಚಿತ್ತಾರ ಅಂದ. ಚೆಂದವೇ, ಆದರೆ ಅದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯದು. ಬೆಣ್ಣೆ ದೋಸೆ ಬರೆದರೆ ಹೋಟೆಲ್ ಬೋರ್ಡ್ ಆಗುತ್ತೆ. ಕೊನೆಗೆ ಮಂಡಕ್ಕಿ ಭಟ್ಟಿ ಗಟ್ಟಿಯಾಯಿತು. ಭತ್ತ ನೆನೆಸೋದು, ಒಣಗಿಸೋದು, ಕಾದ ಮರಳಲ್ಲಿ ಅಕ್ಕಿ ಅರಳೋದು, ಸಂಜೆ ಮಿರ್ಚಿ ಜೊತೆ ಪೊಟ್ಟಣವಾಗಿ ಕೈಗೆ ಬರೋದು. ಗೋಡೆಯಲ್ಲಿ ಮೊದಲೇ ಒಂದು ಗಾಳಿಕಿಂಡಿ ಇತ್ತು. ಅದನ್ನೇ ಭಟ್ಟಿಯ ಬಾಯಿ ಮಾಡಿದೆವು.

ಆತುರಪಟ್ಟು ಬಣ್ಣ ಮೊದಲು ಹೊಡೆದದ್ದೇ ತಪ್ಪಾಯಿತು. ಗೋಡೆಯ ಕೆಳಗಿನ ಎರಡು ಅಡಿ ತೇವ ಎಳೆಯುತ್ತಿತ್ತು. ಮೊದಲ ಮಳೆಗಾಲಕ್ಕೇ ಬಿಳಿ ಉಪ್ಪು ಕಾರಿ, ಎಮಲ್ಷನ್ ಹಪ್ಪಳದ ಹಾಗೆ ಎದ್ದು ಬಂತು. ತಂತಿ ಬ್ರಷ್‌ನಲ್ಲಿ ತಿಕ್ಕಿ, ಬೇಸಿಗೆ ಪೂರ್ತಿ ಒಣಗಲು ಬಿಟ್ಟು, ಅಲ್ಲಿಗೆ ಬರೀ ಸುಣ್ಣ ಬಳಿದೆವು. ಸುಣ್ಣದ ಮೂಲಕ ತೇವ ಆರಿಹೋಗುತ್ತೆ, ಎಮಲ್ಷನ್ ಅದನ್ನು ಒಳಗೇ ಕೂಡಿಹಾಕುತ್ತೆ. ನಮ್ಮಜ್ಜಿ ವರ್ಷಕ್ಕೊಮ್ಮೆ ಮಾಡುತ್ತಿದ್ದದ್ದೂ ಇದನ್ನೇ ಅಲ್ವಾ! ನೆಲದ ಮೇಲೆ ಆಯಿಲ್ ಪೇಂಟಲ್ಲಿ ಕುಂಟೆಬಿಲ್ಲೆ ಮನೆ ಬರೆದಿದ್ದೆವು. ಒದ್ದೆಯಾದರೆ ಜಾರುತ್ತಿತ್ತು. ಮೊದಲು ಬಿದ್ದವನು ನಾನೇ. ಕೆರೆದು ತೆಗೆದು, ಬಣ್ಣಕ್ಕೆ ಸಣ್ಣ ಮರಳು ಬೆರೆಸಿ ಮತ್ತೆ ಬರೆದೆವು. ಚರಂಡಿಯ ಮುರಿದ ಚಪ್ಪಡಿಗಳೂ ಆಗಲೇ ಬದಲಾದವು.

ಇಷ್ಟಾದರೂ ಕತ್ತಲಾದ ಮೇಲೆ ಜನ ರಸ್ತೆಗೇ ಇಳಿಯುತ್ತಿದ್ದರು. 50 ವ್ಯಾಟ್‌ನ ಒಂದು ಬಿಳಿ ಫ್ಲಡ್‌ಲೈಟ್ ಹಾಕಿ ನೋಡಿದೆವು. ಕಣ್ಣಿಗೆ ಹೊಡೆಯಿತು, ಎದುರು ಬರುವವರ ಮುಖವೇ ಕಾಣಲಿಲ್ಲ. ತೆಗೆದು, 5 ವ್ಯಾಟ್‌ನ ಹತ್ತು ಎಲ್‌ಇಡಿ ತಂದೆವು. 3000 ಕೆಲ್ವಿನ್‌ನ ಬೆಚ್ಚಗಿನ ಬಿಳುಪು, ಮಳೆಗೆ ಕೆಡದ ಐಪಿ65 ದರ್ಜೆ. ಗೋಡೆಗೆ ತೀರಾ ಹತ್ತಿರ ಹಿಡಿದರೆ ಪ್ಲಾಸ್ಟರಿನ ಉಬ್ಬುತಗ್ಗೆಲ್ಲ ನೆರಳಾಗಿ ಎದ್ದವು. ಎತ್ತರದ ಮೂರನೇ ಒಂದು ಭಾಗ, ಅಂದರೆ 3 ಅಡಿಯ ಕಬ್ಬಿಣದ ತೋಳು ಕೊಟ್ಟಾಗ ಬೆಳಕು ಸಮವಾಗಿ ಇಳಿಯಿತು. ಗೋಡೆಗೆ ಬಿದ್ದು ಮರಳುವ ಬೆಳಕಲ್ಲಿ ಮುಖಗಳು ಕಾಣತೊಡಗಿದವು. ಕಬ್ಬಿಣವಾದ್ದರಿಂದ ಅರ್ಥಿಂಗ್, ಕರೆಂಟ್ ಸೋರಿದರೆ ತಾನೇ ಕಡಿಯುವ ಇಎಲ್‌ಸಿಬಿ ಎರಡೂ ಹಾಕಿಸಿದೆವು. ಕರೆಂಟ್ ಗೋದಾಮಿನದೇ. ಭಟ್ಟಿಯ ಬಾಯೊಳಗೆ ಬೆಂಕಿಯ ಹಾಗೆ ಕಾಣಲೆಂದು ಇಟ್ಟ ದೀಪವೂ ಸೇರಿ, ದಿನಕ್ಕೆ ಆರು ಗಂಟೆ ಉರಿದರೆ ತಿಂಗಳಿಗೆ 10 ಯೂನಿಟ್.

ದೀಪ ಹಚ್ಚಿದ ವಾರದಲ್ಲಿ ಒಬ್ಬರು ಸೈಕಲ್ ನಿಲ್ಲಿಸಿ ಸುಮ್ನೆ ನೋಡುತ್ತಾ ನಿಂತರು. ಭಟ್ಟಿಯಲ್ಲಿ ದುಡಿದವರಂತೆ. "ಬೆಂಕಿ ಇಷ್ಟು ಹಳದಿ ಇರಲ್ಲ ಸಾರ್, ಕೆಂಪು ಜಾಸ್ತಿ ಇರುತ್ತೆ" ಅಂದರು. ಮಾರನೆಯ ದಿನ ಕಿಂಡಿಗೆ ಕೆಂಪು ಹಾಳೆ ಅಂಟಿಸಿದೆವು.