ಬೀಫ್ ಟೂರ್‌ಗೆ ಹೊರಟಿದೀರಾ? ಮೊದ್ಲು ಶೂ ನೋಡ್ಕೊಳ್ಳಿ

ನಾನಿರೋದು ಅಮೆರಿಕಾದ ನೆಬ್ರಾಸ್ಕಾದಲ್ಲಿ, ಕೆಲಸ ದನಗಳಿಗೆ ಫೀಡ್ ಲೆಕ್ಕ ಹಾಕೋದು. ಜನ ಸುಮಾರು 20 ಲಕ್ಷ, ದನ 60 ಲಕ್ಷದ ಮೇಲೆ ಇರೋ ರಾಜ್ಯ ಇದು. ಜೂನ್ ಬಂತು ಅಂದ್ರೆ ಇಲ್ಲಿ ಟೂರ್ ಸೀಸನ್ ಶುರು, ರೈತರಿಗೆ ಸಲಹೆ ಕೊಡೋ ಯೂನಿವರ್ಸಿಟಿ ಎಕ್ಸ್‌ಟೆನ್ಷನ್‌ನವ್ರೋ ರೈತರ ಸಂಘದವ್ರೋ ಬಸ್ ಮಾಡ್ತಾರೆ, ಬೆಳಿಗ್ಗೆ ಏಳಕ್ಕೆ ಯಾವುದೋ ಸ್ಕೂಲಿನ ಪಾರ್ಕಿಂಗಲ್ಲಿ ಹತ್ಕೊಂಡ್ರೆ ಸಂಜೆವರೆಗೆ ನಾಲ್ಕೈದು ಕಡೆ ಸುತ್ತಾಟ. ಒಂದು ಕಡೆ ಹಸು-ಕರು ಸಾಕೋ ರ‍್ಯಾಂಚ್, ಒಂದು ಕಡೆ ಫೀಡ್‌ಲಾಟ್ (ದನ ಕೂಡಿಹಾಕಿ ಮೇವು ಹಾಕಿ ಕೊಬ್ಬಿಸೋ ಜಾಗ), ಇನ್ನೊಂದು ಕಡೆ ಬೀಜದ ಹೋರಿ ಮಾರೋರು. ಹೋದ ಸಲ ಬೀದರಲ್ಲಿ ವೆಟರ್ನರಿ ಓದಿ ಇಲ್ಲಿ ಮಾಸ್ಟರ್ಸ್‌ಗೆ ಬಂದಿರೋ ಹುಡುಗ ಒಬ್ಬ ನನ್ನ ಜೊತೆ ಬಂದಿದ್ದ, ಅವ್ನಿಗೆ ಹಿಂದಿನ ರಾತ್ರಿ ಫೋನಲ್ಲಿ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ, ಈ ಕಡೆ ಬರೋ ವೆಟ್‌ಗಳಿಗೆ, ಅಗ್ರಿ ಹುಡುಗ್ರಿಗೆ, ಇಲ್ಲೇ ನಾಲ್ಕು ದನ ಕಟ್ಬೇಕು ಅಂತ ಆಸೆ ಇರೋರಿಗೆ ಉಪಯೋಗ ಆಗ್ಬಹುದು.

ಮೊದ್ಲನೇದು ಶೂ. ತಮಾಷೆ ಅಲ್ಲ. ಅಮೆರಿಕಾದಲ್ಲಿ ಕಾಲುಬಾಯಿ ಜ್ವರ 1929ರ ಮೇಲೆ ಕಾಣಿಸ್ಕೊಂಡಿಲ್ಲ, ನಮ್ಮೂರಲ್ಲಿ ವರ್ಷವರ್ಷ ಲಸಿಕೆ ಹಾಕಿದ್ರೂ ಎಲ್ಲೋ ಒಂದು ಕಡೆ ತಲೆ ಎತ್ತುತ್ತೆ. ಅಲ್ಲಿ ಅಜ್ಜಿ ಮನೆ ಕೊಟ್ಟಿಗೆಯಲ್ಲಿ ಓಡಾಡಿದ ಅದೇ ಶೂ ಹಾಕ್ಕೊಂಡು ಇಲ್ಲಿ ಐದು ಸಾವಿರ ದನ ಇರೋ ಜಾಗಕ್ಕೆ ಕಾಲಿಟ್ರೆ ಏನಾಗ್ಬಹುದು ಯೋಚ್ನೆ ಮಾಡಿ. ಏರ್‌ಪೋರ್ಟಲ್ಲಿ ಫಾರ್ಮ್‌ಗೆ ಹೋಗಿದ್ರಾ, ದನದ ಹತ್ರ ಇದ್ರಾ ಅಂತ ಕೇಳೋದು ಇದಕ್ಕೇ, ಹೌದಾದ್ರೆ ಹೌದು ಅಂತಾನೇ ಹೇಳಿ, ಶೂ ತೊಳೆದು ಕೊಡ್ತಾರೆ ಅಷ್ಟೆ, ಯಾರೂ ಜೈಲಿಗೆ ಹಾಕಲ್ಲ. ಬಂದ್ಮೇಲೆ ಕನಿಷ್ಠ ಐದು ದಿನ ದನದ ಹತ್ರ ಸುಳೀಬೇಡಿ, ಆ ಐದು ದಿನದೊಳಗೆ ಟೂರ್ ಇದ್ರೆ ಬಿಟ್ಬಿಡಿ, ಮುಂದಿನ ವರ್ಷ ಇದ್ದೇ ಇರುತ್ತೆ. ಇಲ್ಲೇ ಇರೋರು ಕೂಡ ಶೂ ಅಡಿಯ ಸಗಣಿ ಮಣ್ಣನ್ನ ಬ್ರಷ್ ಹಾಕಿ ತೆಗೆದು ಆಮೇಲೆ ಡಿಸಿನ್ಫೆಕ್ಟೆಂಟ್ ಹಾಕಿ, ಸಗಣಿ ಮೇಲೇ ಔಷಧಿ ಸುರಿದ್ರೆ ಅದು ಕೆಲಸ ಮಾಡಲ್ಲ. ಚಪ್ಪಲಿ, ಬಿಳಿ ಸ್ನೀಕರ್ಸ್ ಬೇಡ, ಮೊಣಕಾಲವರೆಗಿನ ರಬ್ಬರ್ ಬೂಟು ಒಳ್ಳೇದು, ತೊಳ್ಯೋದು ಸುಲಭ. ಟೋಪಿ, ನೀರು, ಫುಲ್ ತೋಳಿನ ಹತ್ತಿ ಅಂಗಿ ಇಷ್ಟಿದ್ರೆ ಸಾಕು.

ಊಟದ ವಿಷ್ಯ ಈಗ್ಲೇ ಹೇಳ್ಬಿಡ್ತೀನಿ. ಬೀಫ್ ಟೂರ್ ಅಂದ್ಮೇಲೆ ಊಟಕ್ಕೂ ಅದೇ, ಜೊತೆಗೆ ಬೀನ್ಸು ಚಿಪ್ಸು ಇರುತ್ತೆ, ಕೆಲವು ಸಲ ಆ ಬೀನ್ಸಲ್ಲೂ ಮಾಂಸ ಇರುತ್ತೆ. ತಿನ್ನದೋರು ಮೊದ್ಲೇ ಫೋನ್ ಮಾಡಿ ಹೇಳಿ ಇಲ್ಲಾ ಚಿತ್ರಾನ್ನ ಕಟ್ಕೊಂಡು ಹೋಗಿ, ಯಾರೂ ಏನೂ ಅನ್ಕೊಳಲ್ಲ, ನನ್ನ ಡಬ್ಬಿ ನೋಡಿ ಒಬ್ಬ ತಾತ ಒಂದು ಸ್ಪೂನ್ ಕೇಳಿ ತಿಂದಿದ್ದ.

ಇನ್ನು ಒಂದು ಪ್ರಶ್ನೆ ಮಾತ್ರ ಅಪ್ಪಿತಪ್ಪಿಯೂ ಕೇಳ್ಬೇಡಿ, "ನಿಮ್ದು ಎಷ್ಟು ದನ, ಎಷ್ಟು ಎಕ್ರೆ?" ನನ್ನ ಮೊದಲನೇ ಟೂರಲ್ಲಿ ನಾನು ಇದನ್ನ ಕೇಳಿ ಇಡೀ ಬಸ್ ಒಂದ್ ಕ್ಷಣ ಸುಮ್ಮನಾಗಿತ್ತು, ರ‍್ಯಾಂಚ್‌ನವ್ರು ಟೋಪಿ ಸರಿ ಮಾಡ್ಕೊಂಡು "ಇನ್ನೊಂದಿಷ್ಟು ಇದ್ರೆ ಚೆನ್ನಾಗಿತ್ತು" ಅಂದು ಮುಂದೆ ಹೋದ್ರು. ಇಲ್ಲಿ ಅದು ಬ್ಯಾಂಕ್ ಪಾಸ್‌ಬುಕ್ ತೆಗೆದು ತೋರ್ಸಿ ಅಂದಂಗೆ. ನಮ್ಮ ಕಡೆ ರೈಲಲ್ಲಿ ಪಕ್ಕ ಕೂತೋರೇ ಸಂಬಳ ಎಷ್ಟು ಅಂತ ಕೇಳ್ತಾರೆ, ಆ ಅಭ್ಯಾಸ ಬಸ್ ಹತ್ತೋ ಮುಂಚೆ ಬಿಟ್ಬಿಡಿ. ಅವ್ರಾಗೇ ಹೇಳಿದ್ರೆ ಬರ್ಕೊಳ್ಳಿ.

ಈಗ ಏನು ನೋಡ್ಬೇಕು. ಬಹಳ ಜನ ಇಲ್ಲೇ ಎಡವೋದು. ದೊಡ್ಡ ಟ್ರ್ಯಾಕ್ಟರು, ಫೀಡ್ ಮಿಕ್ಸರ್ ಲಾರಿ ಮುಂದೆ ನಿಂತು ಸೆಲ್ಫಿ ತೆಗೆದು ವಾಪಸ್ ಬರ್ತಾರೆ. ಮೆಷಿನ್ ಫೋಟೋ ಬೇಕಿದ್ರೆ ಕಂಪನಿ ಕ್ಯಾಟಲಾಗಲ್ಲೇ ಸಿಗುತ್ತೆ, ನೀವು ದನ ನೋಡಿ, ನೆಲ ನೋಡಿ, ಮೇವು ಹಾಕೋ ಗೋದಲಿ ನೋಡಿ. ಘಾಟಿ ಜಾತ್ರೆಯಲ್ಲಿ ನಮ್ಮವ್ರು ಬಾಯಿ ತೆಗ್ಸಿ ಹಲ್ಲು ನೋಡ್ತಾರಲ್ಲ, ಸುಳಿ ಹುಡುಕ್ತಾರಲ್ಲ, ಆ ಕಣ್ಣು ಇಟ್ಕೊಳ್ಳಿ, ನೋಡೋ ಜಾಗ ಮಾತ್ರ ಬೇರೆ.

ರ‍್ಯಾಂಚಲ್ಲಿ ಮೊದ್ಲು ಹಸುವಿನ ಮೈ ನೋಡಿ. ಇಲ್ಲಿ ಬೀಫ್ ಹಸುಗೆ 1ರಿಂದ 9ರವರೆಗೆ ಮೈಕಟ್ಟಿನ ಸ್ಕೋರ್ ಕೊಡ್ತಾರೆ (1 ಅಂದ್ರೆ ತೀರಾ ಸೊರಗಿದ್ದು, 9 ಅಂದ್ರೆ ತೀರಾ ಕೊಬ್ಬಿದ್ದು; ಹಾಲಿನ ಹಸುಗೆ 1ರಿಂದ 5, ಎರಡನ್ನೂ ಕಲಸ್ಕೋಬೇಡಿ). ಕರು ಹಾಕೋ ಹೊತ್ತಿಗೆ ಹಸು 5ರಲ್ಲಿ, ಮೊದಲನೇ ಸೂಲಿನ ಮಣಕ 6ರಲ್ಲಿ ಇದ್ರೆ ಚೆನ್ನ. ಬೇಸಿಗೆಯಲ್ಲೇ ಇದನ್ನ ಯಾಕೆ ನೋಡ್ಬೇಕು ಅಂದ್ರೆ, ಕರು ಕಾಲ ಬುಡದಲ್ಲಿ ಹಾಲು ಕುಡೀತಿರುತ್ತೆ, ಹೋರಿ ಮಂದೆಯಲ್ಲಿ ಬಿಟ್ಟಿರ್ತಾರೆ, ಹಸು ಗಬ್ಬ ನಿಲ್ಲೋದು ಸುಮಾರು 283 ದಿನ, ವರ್ಷಕ್ಕೊಂದು ಕರು ಬೇಕು ಅಂದ್ರೆ ಕರು ಹಾಕಿದ 82 ದಿನದೊಳಗೆ ಮತ್ತೆ ಗಬ್ಬ ಆಗ್ಲೇಬೇಕು, ಪಕ್ಕೆಲುಬು ಎಣಿಸೋ ಥರ ಸೊರಗಿರೋ ಹಸು ಆ ಗಡುವಿಗೆ ಬೆದೆಗೇ ಬರಲ್ಲ. ಮೈಮೇಲೆ ಕೂತಿರೋ ನೊಣಾನೂ ನೋಡಿ, ಒಂದು ದನಕ್ಕೆ ರಕ್ತ ಹೀರೋ ಹಾರ್ನ್ ನೊಣ ಇನ್ನೂರು ದಾಟಿದ್ರೆ ನಷ್ಟ ಅಂತ ಲೆಕ್ಕ ಇದೆ, ಎಣಿಸಕ್ಕಾಗಲ್ಲ, ಆದ್ರೆ ಬೆನ್ನ ಮೇಲೆ ಕಪ್ಪು ಕಂಬ್ಳಿ ಹೊದ್ಸಿದಂಗೆ ಕಂಡ್ರೆ ಗೊತ್ತಾಗುತ್ತೆ.

ಆಮೇಲೆ ಹುಲ್ಲು. ಸ್ಯಾಂಡ್‌ಹಿಲ್ಸ್ ಅನ್ನೋ ಹುಲ್ಲು ಮುಚ್ಚಿದ ಮರಳು ಗುಡ್ಡಗಳ ಕಡೆ ಟೂರ್ ಹೋದ್ರೆ ಬಗ್ಗಿ ಹುಲ್ಲಿನ ಬುಡ ಕೈಯಿಂದ ಕೆದಕಿ, ಕೆಳಗೆ ಬರೀ ಮರಳು, ಸಮುದ್ರದ ದಂಡೆ ಮರಳಿನ ಥರಾನೇ ಬೆರಳ ಸಂದಿಯಿಂದ ಇಳಿದು ಹೋಗುತ್ತೆ. ಅಷ್ಟೂ ಗುಡ್ಡ ಹುಲ್ಲಿನ ಬೇರಿಂದಾನೇ ನಿಂತಿರೋದು. ಜಾಸ್ತಿ ಮೇಯಿಸಿದ್ರೆ ಗಾಳಿ ಹೊಡೆದು ಗುಂಡಿ ಬೀಳುತ್ತೆ, ಅದನ್ನ ಮತ್ತೆ ಹಸಿರು ಮಾಡೋದ್ರಲ್ಲಿ ವರ್ಷಗಳೇ ಹೋಗುತ್ತೆ, ಅದಕ್ಕೇ ಇಲ್ಲಿ ಹಳಬರು ಅರ್ಧ ತಿನ್ಸು ಅರ್ಧ ಬಿಡು ಅಂತಾರೆ. ನೀರಿನ ತೊಟ್ಟಿ ಸುತ್ತ ನೆಲ ಎಷ್ಟು ದೂರ ಬೋಳಾಗಿದೆ ಹೆಜ್ಜೆ ಹಾಕಿ ಅಳೀರಿ, ಬೇಲಿ ಹೇಗೆ ಹಂಚಿದಾರೆ ಅನ್ನೋದು ಅಲ್ಲೇ ತಿಳಿಯುತ್ತೆ. ವಿಟ್‌ಮನ್ ಹತ್ರ ಯೂನಿವರ್ಸಿಟಿಯ ಗುಡ್‌ಮಂಡ್‌ಸನ್ ಲ್ಯಾಬ್ ಅಂತ ರ‍್ಯಾಂಚ್ ಇದೆ, ಅವ್ರು ಓಪನ್ ಹೌಸ್ ಮಾಡಿದಾಗ ಬಿಡಬೇಡಿ, ಅಲ್ಲಿ ಮಾರ್ಚಲ್ಲಿ ಕರು ಹಾಕೋ ಮಂದೆ, ಮೇ ತಿಂಗಳಲ್ಲಿ ಹಾಕೋ ಮಂದೆ ಎರಡನ್ನೂ ಇಟ್ಕೊಂಡು ಹೋಲಿಸಿ ನೋಡಿದಾರೆ.

ಫೀಡ್‌ಲಾಟ್ ಪೂರ್ತಿ ಬೇರೆ ಲೋಕ. 320-360 ಕೇಜಿ ಇರೋ, ಬೀಜ ಒಡೆದ ಹೋರಿಗಳು ಒಳಗೆ ಬಂದು ಹೆಚ್ಚುಕಮ್ಮಿ ಆರು ತಿಂಗಳಲ್ಲಿ 650 ಕೇಜಿ ಹತ್ರ ಆಗಿ ಹೊರಗೆ ಹೋಗ್ತವೆ. ಇಲ್ಲಿ ಗೋದಲಿ ಅಂದ್ರೆ ಕಿಲೋಮೀಟರ್‌ಗಟ್ಲೆ ಸಿಮೆಂಟ್ ಬಂಕ್. ಮಾಲೀಕ್ರನ್ನ ಕೇಳಿ ಒಂದು ಹಿಡಿ ಮೇವು ಕೈಗೆ ತಗೊಳ್ಳಿ, ಮೆಕ್ಕೆಜೋಳ, ರಸಮೇವು, ಎಥನಾಲ್ ಫ್ಯಾಕ್ಟರಿಯಿಂದ ಬರೋ ಹಸಿ ಜೋಳದ ಚರಟ, ಮೂಸಿದ್ರೆ ನೆನೆಸಿಟ್ಟ ಬೂಸಾ ಮಾರನೇ ದಿನ ಹುಳಿ ಬಂದಿರುತ್ತಲ್ಲ ಹತ್ರಹತ್ರ ಅದೇ ವಾಸ್ನೆ. ಕೈಯಲ್ಲಿ ಬಿಡಿಸಿ ನೋಡಿ, ಉದ್ದ ಕಡ್ಡಿ ಎಲ್ಲಾ ಒಂದು ಕಡೆ ಜೋಳ ಎಲ್ಲಾ ಒಂದು ಕಡೆ ಆಗಿದ್ರೆ ಮಿಕ್ಸ್ ಸರಿ ಆಗಿಲ್ಲ, ದನ ಜೋಳ ಮಾತ್ರ ಆರಿಸಿ ತಿನ್ನುತ್ತೆ, ಹೊಟ್ಟೆ ಹುಳಿ ಏರುತ್ತೆ. ಆಮೇಲೆ ಸಗಣಿ ನೋಡಿ, ನಾಚ್ಕೋಬೇಡಿ, ಬೂದು ಬಣ್ಣಕ್ಕೆ ತಿರುಗಿ ನೀರಾಗಿ ನೊರೆ ಕಟ್ಟಿದ್ರೆ ಅದೇ ಹುಳಿ ಏರಿರೋ ಗುರುತು. ನಮ್ಮ ಬೀದರ್ ಹುಡುಗ ಇಲ್ಲೇ ಎಲ್ಲರ ಮನಸ್ಸು ಗೆದ್ದಿದ್ದು, ಅವ್ನು ಫೋನ್ ಜೇಬಿಗೆ ಹಾಕಿ ಸೀದಾ ಸಗಣಿ ಹತ್ರ ಹೋಗಿ ಕುಕ್ಕರಗಾಲಲ್ಲಿ ಕೂತ, ಮ್ಯಾನೇಜರ್ ಬಂದು ಪಕ್ಕದಲ್ಲೇ ಕೂತ್ಕೊಂಡು ಅರ್ಧ ಗಂಟೆ ಮಾತಾಡಿದ್ರು.

ಬಿಸಿಲು ಜೋರಿದ್ದ ದಿನ ಹೋದ್ರೆ ಬಾಯಿ ತೆರೆದು ಏದುಸಿರು ಬಿಡ್ತಿರೋ ದನ ಎಷ್ಟಿವೆ ಗಮನಿಸಿ. ದಿನದ ಸೆಕೆ ತುದಿ ಮುಟ್ಟಿದ ಒಂದೆರಡು ಗಂಟೆ ಆದ್ಮೇಲೆ ದನದ ಮೈ ಬಿಸಿ ತುದಿಗೆ ಏರೋದು, ರಾತ್ರಿ ತಣ್ಣಗಾಗಿಲ್ಲ ಅಂದ್ರೆ ಮಾರನೇ ದಿನಕ್ಕೆ ಸಾಲ ಉಳಿಸ್ಕೊಂಡಂಗೆ. ಅದಕ್ಕೆ ಮೇವಿನ ದೊಡ್ಡ ಪಾಲನ್ನ ಸಂಜೆ ಹಾಕ್ತಾರೆ, ದನ ಅಟ್ಟೋ ಕೆಲ್ಸ ಬೆಳಿಗ್ಗೆ ಬೇಗ ಮುಗಿಸ್ತಾರೆ. ದೊಡ್ಡ ದನ ಒಂದೊಂದು ಆ ಬಿಸಿಲಲ್ಲಿ ದಿನಕ್ಕೆ 60-70 ಲೀಟರ್, ಅದಕ್ಕೂ ಜಾಸ್ತಿ ನೀರು ಕುಡಿಯುತ್ತೆ, ತೊಟ್ಟಿ ಹತ್ರ ನೂಕಾಟ ಇದ್ರೆ ಅದನ್ನ ಬರ್ಕೊಳ್ಳಿ.

ದನ ಹತ್ರ ನಿಲ್ಲೋದಕ್ಕೂ ಒಂದು ರೀತಿ ಇದೆ. ಭುಜದ ಹಿಂದಿಂದ ಹತ್ರ ಬಂದ್ರೆ ದನ ಮುಂದೆ ಹೋಗುತ್ತೆ, ಭುಜದ ಮುಂದೆ ಬಂದ್ರೆ ಹಿಂದೆ ಸರಿಯುತ್ತೆ, ದನಗಳ ನಡವಳಿಕೆ ಓದಿದ ವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಇದನ್ನೆಲ್ಲಾ ಇಟ್ಕೊಂಡೇ ಬಾಗಿದ ಓಣಿ ಥರದ ಚೂಟ್‌ಗಳನ್ನ ಡಿಸೈನ್ ಮಾಡಿದ್ದು. ಚೂಟ್ ಬಾಯಿಗೆ ಎದುರು ಗುಂಪು ಕಟ್ಕೊಂಡು ನಿಂತ್ರೆ ದನ ಒಳಗೆ ಹೋಗಲ್ಲ, ಕೆಲಸದವ್ರು ಬಾಯಿಬಿಟ್ಟು ಹೇಳಲ್ಲ, ಮನಸ್ಸಲ್ಲಿ ಬೈತಾರೆ.

ಪ್ರಶ್ನೆ ಕೇಳೋದಾದ್ರೆ ಮೈಕ್ ಇರೋವಾಗ ಬೇಡ, ಅಲ್ಲಿ ಎಲ್ಲರೂ ಚೆಂದದ್ದೇ ಹೇಳೋದು. ಊಟ ಆದ್ಮೇಲೆ ಪಿಕಪ್ ಪಕ್ಕ ನಿಂತಿರ್ತಾರೆ ನೋಡಿ, ಆಗ ಹೋಗಿ "ಯಾವುದ್ರಲ್ಲಿ ಕೈ ಸುಟ್ಕೊಂಡ್ರಿ?" ಅಂತ ಕೇಳಿ. ಒಬ್ರು ನನಗೆ 2019ರ ಮಾರ್ಚ್ ಕಥೆ ಹೇಳಿದ್ರು, ಆ ತಿಂಗಳು ನೆಬ್ರಾಸ್ಕಾದಲ್ಲಿ ಒಂದೇ ಸಲ ಹಿಮಗಾಳಿ, ಪ್ರವಾಹ ಎರಡೂ ಬಂದಿತ್ತು, ಆಗ ತಾನೇ ಹುಟ್ಟಿದ್ದ ಕರುಗಳನ್ನ ಅಡುಗೆಮನೆ ನೆಲದ ಮೇಲೆ ಟವಲ್ ಹಾಸಿ ಮಲಗಿಸಿದ್ರಂತೆ, ಬಹಳ ಉಳೀಲಿಲ್ಲ. ಮುಂದಿನ ವರ್ಷದಿಂದ ಹೋರಿ ಬಿಡೋ ದಿನಾನೇ ಎರಡು ತಿಂಗಳು ಮುಂದಕ್ಕೆ ಹಾಕಿ ಮೇ ತಿಂಗಳಲ್ಲಿ ಕರು ಹಾಕಿಸ್ತಿದಾರೆ, ಕರು ಮಾರೋವಾಗ ತೂಕ ಕಮ್ಮಿ ಬರುತ್ತೆ, ಪರ್ವಾಗಿಲ್ಲ ರಾತ್ರಿ ನಿದ್ದೆ ಬರುತ್ತೆ ಅಂದ್ರು. ಇದು ಮೈಕಲ್ಲಿ ಬರಲ್ಲ. ಫೋಟೋಗೂ ಅಷ್ಟೇ, ಕೇಳಿ ತೆಗೀರಿ, ಕೇಳ್ದೆ ಎಲ್ಲೂ ಹಾಕ್ಬೇಡಿ.

ಮನೆಗೆ ವಾಪಸ್ ಬಂದ್ಮೇಲೆ ಮತ್ತೆ ಶೂ. ಆಗ್ಲೇ ತೊಳೆದು ಹೊರಗಡೆ ಬಿಡಿ, ನಿಮ್ಮದೇ ದನ ಇದ್ರೆ ಬಟ್ಟೆನೂ ಬದಲಾಯಿಸಿ ಆಮೇಲೆ ಅವುಗಳ ಹತ್ರ ಹೋಗಿ. ನಾನು ಒಂದ್ಸಲ ಸುಸ್ತಾಗಿ ಬೂಟನ್ನ ಡಿಕ್ಕಿಯಲ್ಲೇ ಬಿಟ್ಟು ಮಲಗಿದ್ದೆ, ಜುಲೈ ಬಿಸಿಲು, ಮೂರು ವಾರ ಕಾರಿಂದ ವಾಸ್ನೆ ಹೋಗ್ಲಿಲ್ಲ, ಒಮಾಹಾ ದೇವಸ್ಥಾನಕ್ಕೆ ನನ್ನ ಹೆಂಡ್ತಿ ಪಕ್ಕದ ಮನೆಯವ್ರ ಕಾರಲ್ಲಿ ಹೋದ್ಲು.