ಹಳೆಯ ಬೇಸ್‌ಬಾಲ್ ಋತುವಿನ ದಾಖಲೆಯನ್ನು ಓದುವ ಬಗೆ: 1908ರ ಚಿಕಾಗೊ ಕಬ್ಸ್

ಇಪ್ಪತ್ತನೆಯ ಶತಮಾನದ ಮೊದಲ ದಶಕದ ಬೇಸ್‌ಬಾಲ್ ತಂಡವೊಂದರ ಇಡೀ ಋತುವನ್ನು ದಾಖಲೆಗಳಿಂದ ಅರಿಯಲು ಹೊರಟವರು ಆಟಗಾರರ ಸರಾಸರಿಗಳನ್ನು ಬದಿಗಿಟ್ಟು ಮೊದಲು ಲೀಗ್‌ನ ಅಂಕಪಟ್ಟಿಯನ್ನು ನೋಡಬೇಕು. ಆ ಕಾಲದ ಎಷ್ಟೋ ತೀರ್ಮಾನಗಳು ಆಡದೆ ಉಳಿದ ಅಥವಾ ಮುಗಿಯದೆ ನಿಂತ ಪಂದ್ಯಗಳಲ್ಲಿ ಅಡಗಿರುತ್ತವೆ. ಅಭ್ಯಾಸಕ್ಕೆ 1908ರ ಚಿಕಾಗೊ ಕಬ್ಸ್ ತಂಡಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಅಮೆರಿಕದ ಎರಡು ದೊಡ್ಡ ಲೀಗ್‌ಗಳಲ್ಲಿ ಕಬ್ಸ್ ಆಡುತ್ತಿದ್ದ ನ್ಯಾಷನಲ್ ಲೀಗ್‌ನಲ್ಲಿ ಆಗ ಎಂಟು ತಂಡಗಳಿದ್ದವು. ಪ್ರತಿ ತಂಡವೂ ಉಳಿದ ಏಳರೊಡನೆ 22 ಬಾರಿ, ಒಟ್ಟು 154 ಪಂದ್ಯಗಳನ್ನು ಆಡಬೇಕಿತ್ತು. ಕ್ರಿಕೆಟ್ ಲೀಗ್‌ಗಳಂತೆ ಇಲ್ಲಿ ಗೆಲುವಿಗೆ ಅಂಕ ಕೊಡುವುದಿಲ್ಲ. ಗೆಲುವುಗಳನ್ನು ಗೆಲುವು ಮತ್ತು ಸೋಲುಗಳ ಮೊತ್ತದಿಂದ ಭಾಗಿಸಿದಾಗ ಬರುವ ಪ್ರಮಾಣವೇ ಸ್ಥಾನವನ್ನು ನಿರ್ಣಯಿಸುತ್ತದೆ. ಕಬ್ಸ್ 99 ಗೆದ್ದು 55 ಸೋತಿತು, ಅಂದರೆ .643. ನ್ಯೂಯಾರ್ಕ್ ಜೈಂಟ್ಸ್ ಮತ್ತು ಪಿಟ್ಸ್‌ಬರ್ಗ್ ಪೈರೇಟ್ಸ್ ಎರಡೂ 98 ಗೆದ್ದು 56 ಸೋತವು. ಎರಡು ತಂಡಗಳ ಅಂತರ ತಿಳಿಯಬೇಕಾದರೆ ಗೆಲುವುಗಳ ವ್ಯತ್ಯಾಸಕ್ಕೆ ಸೋಲುಗಳ ವ್ಯತ್ಯಾಸವನ್ನು ಕೂಡಿಸಿ ಎರಡರಿಂದ ಭಾಗಿಸಿರಿ. ಇಲ್ಲಿ ಬರುವ ಉತ್ತರ ಒಂದೇ ಒಂದು ಪಂದ್ಯ.

ಇದೇ ಲೆಕ್ಕವನ್ನು ಅದೇ ವರ್ಷದ ಇನ್ನೊಂದು ಲೀಗ್ ಆದ ಅಮೆರಿಕನ್ ಲೀಗ್‌ಗೆ ಅನ್ವಯಿಸಿದರೆ ವಿಚಿತ್ರವೊಂದು ಕಾಣುತ್ತದೆ. ಡೆಟ್ರಾಯಿಟ್ 90–63, ಕ್ಲೀವ್‌ಲ್ಯಾಂಡ್ 90–64. ಅಂತರ ಅರ್ಧ ಪಂದ್ಯ. ಮಳೆಯಿಂದ ನಿಂತ ಪಂದ್ಯವನ್ನು ಡೆಟ್ರಾಯಿಟ್ ಮತ್ತೆ ಆಡಬೇಕಾಗಿರಲಿಲ್ಲವಾದ್ದರಿಂದ ಪ್ರಶಸ್ತಿ ಅದಕ್ಕೆ ಹೋಯಿತು. ಇದು ನ್ಯಾಯವಲ್ಲವೆಂದು ಇಂದಿನ ಓದುಗನಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಎರಡನೆಯದಾಗಿ, ಸಮಬಲದ ಪಂದ್ಯಗಳನ್ನು ಹುಡುಕಿರಿ. ಕತ್ತಲಾದರೆ ಆಟ ನಿಲ್ಲುತ್ತಿದ್ದ ಕಾಲವದು, ಮೈದಾನಗಳಲ್ಲಿ ದೀಪಗಳಿರಲಿಲ್ಲ. ಅಂಥ ಪಂದ್ಯ ಪ್ರಮಾಣದ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಅದರಲ್ಲಿ ಆಟಗಾರರು ಮಾಡಿದ ಸಾಧನೆ ಅವರ ಖಾತೆಗೆ ಸೇರುತ್ತದೆ. ಸೆಪ್ಟೆಂಬರ್ 23ರಂದು ನ್ಯೂಯಾರ್ಕ್‌ನ ಪೋಲೊ ಗ್ರೌಂಡ್ಸ್‌ನಲ್ಲಿ ನಡೆದ 1–1ರ ಪಂದ್ಯದ ಎದುರು ತುಸು ಹೆಚ್ಚು ಹೊತ್ತು ನಿಲ್ಲಬೇಕು. ಬೇಸ್‌ಬಾಲ್‌ನಲ್ಲಿ ಮೂವರು ಔಟಾದರೆ ತಂಡದ ಸರದಿ ಮುಗಿಯುತ್ತದೆ, ಓಟಗಾರ ನಾಲ್ಕು ಬೇಸ್‌ಗಳನ್ನು ಕ್ರಮವಾಗಿ ಮುಟ್ಟಿದರೆ ಒಂದು ರನ್. ಒಂಬತ್ತನೆಯ ಇನ್ನಿಂಗ್ಸ್‌ನ ಕೊನೆಯಲ್ಲಿ ಇಬ್ಬರು ಔಟಾಗಿದ್ದಾಗ ಜೈಂಟ್ಸ್‌ನ ಅಲ್ ಬ್ರಿಡ್‌ವೆಲ್ ಚೆಂಡನ್ನು ಹೊರವಲಯಕ್ಕೆ ಹೊಡೆದರು. ಮೂರನೆಯ ಬೇಸ್‌ನಲ್ಲಿದ್ದ ಮೂಸ್ ಮೆಕಾರ್ಮಿಕ್ ಕೊನೆಯ ಬೇಸ್‌ಗೆ ಓಡಿ ಬಂದರು. ಗೆಲುವು ಆಗಿಹೋಯಿತೆಂದು ಜನ ಮೈದಾನಕ್ಕೆ ನುಗ್ಗಿದರು. ಮೊದಲ ಬೇಸ್‌ನಲ್ಲಿದ್ದ ಹತ್ತೊಂಬತ್ತರ ಹರೆಯದ ಫ್ರೆಡ್ ಮರ್ಕಲ್ ಎರಡನೆಯ ಬೇಸ್ ಮುಟ್ಟದೆ ಹೊರಟುಬಿಟ್ಟರು. ಮುಂದಿನ ಬೇಸ್‌ಗೆ ಹೋಗಲೇಬೇಕಾದ ಓಟಗಾರ ಮೂರನೆಯವನಾಗಿ ಔಟಾದರೆ ಆ ಹೊಡೆತದಲ್ಲಿ ಬಂದ ರನ್ ಸಲ್ಲುವುದಿಲ್ಲ. ಕಬ್ಸ್‌ನ ಜಾನಿ ಎವರ್ಸ್ ಈ ನಿಯಮವನ್ನೇ ಎತ್ತಿ ಹಿಡಿದರು. ಅಂಪೈರ್ ಹ್ಯಾಂಕ್ ಓಡೇ ಮರ್ಕಲ್ ಔಟೆಂದು ತೀರ್ಪಿತ್ತರು, ರನ್ ಸಲ್ಲದೆ ಪಂದ್ಯ 1–1ರಲ್ಲೇ ಉಳಿಯಿತು. ಆ ತಿಂಗಳ 4ರಂದು ಪಿಟ್ಸ್‌ಬರ್ಗ್‌ನಲ್ಲಿ ಎವರ್ಸ್ ಇದೇ ವಾದ ಹೂಡಿದಾಗ ಅದೇ ಅಂಪೈರ್ ಒಪ್ಪಿರಲಿಲ್ಲ. ಪಂದ್ಯಗಳನ್ನು ದಿನಾಂಕದ ಕ್ರಮದಲ್ಲಿ ಓದಬೇಕೆನ್ನುವುದು ಇದಕ್ಕೇ. ರೆಟ್ರೋಶೀಟ್ ಜಾಲತಾಣದ ದಿನವಾರು ಪಟ್ಟಿ ಈ ಕೆಲಸಕ್ಕೆ ಅನುಕೂಲ.

ಋತುವಿನ ಕೊನೆಗೆ ಕಬ್ಸ್ ಮತ್ತು ಜೈಂಟ್ಸ್ ಎರಡೂ 98–55ರಲ್ಲಿ ಸಮನಾಗಿದ್ದರಿಂದ ಅಕ್ಟೋಬರ್ 8ರಂದು ಸೆಪ್ಟೆಂಬರ್ 23ರ ಆ ಪಂದ್ಯವನ್ನು ಮತ್ತೆ ಆಡಿಸಲಾಯಿತು. ಕಬ್ಸ್ 4–2ರಿಂದ ಗೆದ್ದಿತು. ಪಿಚರ್‌ಗಳ, ಅಂದರೆ ಚೆಂಡೆಸೆಯುವವರ, ಪಟ್ಟಿಯನ್ನು ಓದಬೇಕಾದದ್ದು ಇಷ್ಟು ತಿಳಿದ ಮೇಲೆಯೇ. ಆ ದಿನ ಜಾಕ್ ಫೀಸ್ಟರ್ ಮೊದಲ ಇನ್ನಿಂಗ್ಸ್‌ನಲ್ಲೇ ತಡವರಿಸಿದ್ದರಿಂದ ಚೆಂಡು ಮೊರ್ಡೆಕೈ ಬ್ರೌನ್ ಕೈಗೆ ಬಂತು, ಗೆಲುವೂ ಅವರ ಹೆಸರಿಗೆ ಸೇರಿತು; ಸೋತವರು ಆ ಋತುವಿನಲ್ಲಿ 37 ಪಂದ್ಯ ಗೆದ್ದ ಕ್ರಿಸ್ಟಿ ಮ್ಯಾಥ್ಯೂಸನ್.

ಅಂಕಿಗಳನ್ನು ಇಂದಿನ ಅಳತೆಯಿಂದ ತೂಗಬೇಡಿರಿ. ಫೀಲ್ಡರ್‌ಗಳ ತಪ್ಪಿನಿಂದ ಬಂದವನ್ನು ಬಿಟ್ಟು, ಮ್ಯಾಥ್ಯೂಸನ್ ಪ್ರತಿ ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್ 1.43, ಬ್ರೌನ್ 1.47. ಇಡೀ ನ್ಯಾಷನಲ್ ಲೀಗ್‌ನಲ್ಲಿ ಅತಿ ಹೆಚ್ಚು ಹೋಮ್ ರನ್ (ಒಂದೇ ಹೊಡೆತಕ್ಕೆ ನಾಲ್ಕೂ ಬೇಸ್ ಸುತ್ತಿ ಬರುವ ರನ್) ಹೊಡೆದ ಟಿಮ್ ಜೋರ್ಡನ್ ಅವರದ್ದೇ 12. ಮೆತ್ತಗಾದ ಚೆಂಡನ್ನೂ ಬದಲಿಸದೆ ಆಡುತ್ತಿದ್ದ ಕಾಲದಲ್ಲಿ ರನ್ ದುರ್ಲಭವಾಗಿತ್ತು. ಮೇಲಾಗಿ, ಈ ಪಿಚಿಂಗ್ ಸರಾಸರಿಯನ್ನು ನ್ಯಾಷನಲ್ ಲೀಗ್ ಅಧಿಕೃತವಾಗಿ ಬಳಸತೊಡಗಿದ್ದು 1912ರಲ್ಲಿ. 1908ರ ಅಂಕಿಗಳು ಆಮೇಲೆ ಲೆಕ್ಕ ಹಾಕಿದವು.

ಎರಡು ಲೀಗ್‌ಗಳ ವಿಜೇತರ ನಡುವೆ ನಡೆಯುವ ವರ್ಲ್ಡ್ ಸೀರೀಸ್‌ನ ಅಂಕಿಗಳನ್ನು ಋತುವಿನ ಮೊತ್ತಕ್ಕೆ ಸೇರಿಸಬಾರದು. ಕಬ್ಸ್ ಡೆಟ್ರಾಯಿಟ್ ವಿರುದ್ಧ 4–1ರಿಂದ ಗೆದ್ದದ್ದನ್ನು ಬೇರೆಯಾಗಿಯೇ ಬರೆದಿಟ್ಟುಕೊಳ್ಳಿರಿ. ಹಾಗೆಯೇ, ಚಿಕಾಗೊದ ಪಂದ್ಯಗಳ ಎದುರು ರಿಗ್ಲಿ ಫೀಲ್ಡ್ ಎಂದು ಬರೆಯಬೇಡಿರಿ. ಆ ಮೈದಾನ ತೆರೆದದ್ದು 1914ರಲ್ಲಿ, ಅದಕ್ಕೂ ಮೊದಲು ಕಬ್ಸ್ ಆಡುತ್ತಿದ್ದುದು ವೆಸ್ಟ್ ಸೈಡ್ ಗ್ರೌಂಡ್ಸ್‌ನಲ್ಲಿ.